ಐದು ಡಾಕ್ಟರುಗಳಿದ್ದಾರೆ, ಮನೆ ಡಾಕ್ಟರ್ ಯಾರು?



ಬಿಪಿ ಮಾತ್ರೆಗಳ ಬಗ್ಗೆ ಬರೆದ ಕಂತನ್ನು ಓದಿ ತುಂಬ ಜನ ಪ್ರಶ್ನೆ ಕಳಿಸಿದ್ದೀರಿ. ಒಂದೊಂದಾಗಿ ಓದುತ್ತಾ ಹೋದಂತೆ ಒಂದು ವಿಷಯ ಗಮನಕ್ಕೆ ಬಂತು. ಹೃದ್ರೋಗ ತಜ್ಞರನ್ನೇ ಕೇಳಬೇಕಾದ ಪ್ರಶ್ನೆಗಳು ಅದರಲ್ಲಿ ಕಡಿಮೆ. "ಮಂಡಿ ನೋವಿಗೆ ಮೂಳೆ ಡಾಕ್ಟರು ಕೊಟ್ಟ ಮಾತ್ರೆ ಬಿಪಿ ಮಾತ್ರೆಯ ಜೊತೆ ಆಗುತ್ತದೆಯೇ?" "ಅಮ್ಮನಿಗೆ ತಲೆಸುತ್ತು. ಕಿವಿಯವರಿಗೆ ತೋರಿಸಬೇಕಾ, ನರದವರಿಗಾ, ನಿಮಗಾ?" "ಮಾವನವರಿಗೆ ನಾಲ್ಕು ಆಸ್ಪತ್ರೆ ಫೈಲುಗಳಿವೆ, ಹನ್ನೊಂದು ಮಾತ್ರೆ. ಯಾವುದನ್ನು ಬಿಡಬಹುದು?"

ಇವೆಲ್ಲ ಒಬ್ಬ ಒಳ್ಳೆಯ ಮನೆ ಡಾಕ್ಟರನ್ನು ಕೇಳಬೇಕಾದ ಪ್ರಶ್ನೆಗಳು. ನಿಮ್ಮಲ್ಲಿ ಹೆಚ್ಚಿನವರಿಗೆ ಅಂಥವರು ಇಲ್ಲದೆ ಇರುವುದರಿಂದಲೇ ಪ್ರಶ್ನೆಗಳು ನನ್ನ ಫೋನಿಗೆ ಬರುತ್ತಿವೆ. ಹಾಗಾಗಿ ಈ ಸಲ ಹೃದಯ ಬಿಟ್ಟು, ಮನೆ ಡಾಕ್ಟರುಗಳು ಹೇಗೆ ತಯಾರಾಗುತ್ತಾರೆ ಎನ್ನುವುದನ್ನು ಬರೆಯುತ್ತೇನೆ. "ತಯಾರಾಗುವುದು ಅಂತ ಏನಿದೆ? ಪಿಜಿ ಸೀಟು ಸಿಗದವರು ಕ್ಲಿನಿಕ್ ಹಾಕುತ್ತಾರೆ" ಎನ್ನುವುದು ನಮ್ಮಲ್ಲಿ ಬೇರೂರಿದ ಅಭಿಪ್ರಾಯ. ಅದು ಸರಿಯಲ್ಲ.

*ಊರು ಬಿಟ್ಟಾಗ ಬಿಟ್ಟುಬಂದದ್ದು*

ಊರಲ್ಲಿದ್ದಾಗ ಬಜಾರಿನ ಕ್ಲಿನಿಕ್ಕಿನಲ್ಲಿ ಒಬ್ಬರು ಇರುತ್ತಿದ್ದರು. ಕೈಗುಣ ಚೆನ್ನಾಗಿದೆ ಎನ್ನುತ್ತಿದ್ದೆವು. ಕೈಗುಣ ಎಂದರೆ ಏನು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಅದರಲ್ಲಿ ಅರ್ಧ ಪಾಲು ನೆನಪು. ನಿಮ್ಮ ಅಜ್ಜನಿಗೆ ಯಾವ ವಯಸ್ಸಿಗೆ ಪಾರ್ಶ್ವವಾಯು ಹೊಡೆಯಿತು, ನಿಮ್ಮ ತಾಯಿಗೆ ಯಾವ ಮಾತ್ರೆಗೆ ಮೈಮೇಲೆ ಗಂಧೆ ಎದ್ದಿತು, ನಿಮ್ಮಣ್ಣ ಕುಡಿಯುತ್ತಾನೋ ಇಲ್ಲವೋ, ಎಲ್ಲವೂ ಆ ಡಾಕ್ಟರಿಗೆ ಗೊತ್ತಿತ್ತು. ಫೈಲು ಇರಲಿಲ್ಲ, ತಲೆಯಲ್ಲೇ ಇತ್ತು.

ಹೈದರಾಬಾದಿಗೆ ಬಂದ ಮೇಲೆ ಅದು ತಪ್ಪಿತು. ಕಾಚಿಗುಡ ಕಡೆಯ ಹಳೆಯ ಕನ್ನಡ ಮನೆಗಳಲ್ಲಿ, ನೃಪತುಂಗ ಶಾಲೆಯಲ್ಲಿ ಓದಿ, ಕರ್ನಾಟಕ ಸಾಹಿತ್ಯ ಮಂದಿರದ ಕಾರ್ಯಕ್ರಮಗಳಿಗೆ ಹೋಗುತ್ತಾ ಬೆಳೆದವರಿಗೆ, ಗೊತ್ತಿರುವ ಡಾಕ್ಟರು ಯಾರಾದರೂ ಇರುತ್ತಾರೆ. ಕೊಂಡಾಪುರ, ಗಚ್ಚಿಬೌಲಿ, ಮಿಯಾಪುರದ ಅಪಾರ್ಟ್‌ಮೆಂಟುಗಳಲ್ಲಿ ಇರುವವರಿಗೆ ಇರುವುದು ಒಂದು ಆ್ಯಪ್, ಎರಡು ಕಾರ್ಪೊರೇಟ್ ಆಸ್ಪತ್ರೆಯ ಕಾರ್ಡು. ಇನ್ನು ಬೀದರ್, ಕಲಬುರಗಿ, ರಾಯಚೂರು, ಯಾದಗಿರಿಯಿಂದ ಚಿಕಿತ್ಸೆಗೆಂದು ಇಲ್ಲಿಗೆ ಬರುವವರದ್ದು ಬೇರೆಯೇ ಕಥೆ. 1956ರವರೆಗೆ ಆ ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿ. ರಾಜ್ಯ ಬದಲಾದರೂ ದೊಡ್ಡ ಕಾಯಿಲೆ ಬಂದರೆ ಇಂದಿಗೂ ಬಸ್ಸು ಹತ್ತುವುದು ಈ ಕಡೆಗೇ. ನೇರವಾಗಿ ಸೂಪರ್ ಸ್ಪೆಷಲಿಸ್ಟ್ ಮುಂದೆ ಬಂದು ಕೂರುತ್ತಾರೆ. ಮಧ್ಯೆ ಯಾರೂ ಇಲ್ಲ.

ಅಮೆರಿಕ, ಇಂಗ್ಲೆಂಡಿನಲ್ಲಿ ಇರುವವರು ಇದಕ್ಕೆ ವಿರುದ್ಧವಾದ ದೂರು ಹೇಳುತ್ತೀರಿ: "ಕಾರ್ಡಿಯಾಲಜಿಸ್ಟ್ ನೋಡಬೇಕಂದ್ರೂ ಮೊದಲು ಜಿಪಿ ಹತ್ತಿರವೇ ಹೋಗಬೇಕು, ಕಾಯಿಸ್ತಾರೆ." ಕಾಯಿಸುವುದು ನಿಜ. ಆದರೆ ಆ ಜಿಪಿ ಎಂಬ ವ್ಯಕ್ತಿ ಆ ಕೆಲಸಕ್ಕಾಗಿಯೇ ಪ್ರತ್ಯೇಕ ತರಬೇತಿ ಪಡೆದವರು. ಅಮೆರಿಕದಲ್ಲಿ 1969ರಲ್ಲೇ ಇದನ್ನು ಒಂದು ಸ್ವತಂತ್ರ ವೈದ್ಯಕೀಯ ಶಾಖೆ ಎಂದು ಒಪ್ಪಿಕೊಂಡರು. ಅಲ್ಲಿ ಇದಕ್ಕೆ ಮೂರು ವರ್ಷದ ರೆಸಿಡೆನ್ಸಿ ಇದೆ.

*ಮೂರು ವರ್ಷ ಏನು ಕಲಿಯುತ್ತಾರೆ?*

ನಮ್ಮ ದೇಶದಲ್ಲೂ ಇದೆ. ಎಂಬಿಬಿಎಸ್ ಆದ ಮೇಲೆ ನೀಟ್ ಪಿಜಿ ಬರೆದು ಡಿಎನ್‌ಬಿ ಫ್ಯಾಮಿಲಿ ಮೆಡಿಸಿನ್ ಸೇರಬಹುದು. ಮೂರು ವರ್ಷ. ಈ ರೆಸಿಡೆಂಟ್ ಡಾಕ್ಟರುಗಳು ಒಂದೇ ವಾರ್ಡಿನಲ್ಲಿ ಕೂರುವುದಿಲ್ಲ. ಜನರಲ್ ಮೆಡಿಸಿನ್, ಮಕ್ಕಳ ವಿಭಾಗ, ಹೆರಿಗೆ ಮತ್ತು ಸ್ತ್ರೀರೋಗ, ಸರ್ಜರಿ, ಮೂಳೆ, ಎಮರ್ಜೆನ್ಸಿ, ಮನೋರೋಗ, ಚರ್ಮ, ಕಣ್ಣು, ಕಿವಿ-ಮೂಗು-ಗಂಟಲು ಹೀಗೆ ಸುತ್ತುತ್ತಾರೆ. ಕೊನೆಗೆ ಥೀಸಿಸ್, ಲಿಖಿತ ಪರೀಕ್ಷೆ, ಪ್ರಾಯೋಗಿಕ ಪರೀಕ್ಷೆ ಎಲ್ಲ ಇವೆ. 2020ರಿಂದ ಇದೇ ವಿಷಯದಲ್ಲಿ ಎರಡು ವರ್ಷದ ಡಿಪ್ಲೊಮಾ ಕೂಡ ಬಂದಿದೆ. ಎಂಡಿ ಫ್ಯಾಮಿಲಿ ಮೆಡಿಸಿನ್ ಕೂಡ ಇದೆ. ಅದನ್ನು ದೇಶದಲ್ಲಿ ಮೊದಲು ಶುರು ಮಾಡಿದ್ದು ಕೇರಳದ ಕಲ್ಲಿಕೋಟೆ ಸರ್ಕಾರಿ ಮೆಡಿಕಲ್ ಕಾಲೇಜು.

"ಎಲ್ಲ ವಿಭಾಗದಲ್ಲೂ ಸ್ವಲ್ಪ ಸ್ವಲ್ಪ ಕಲಿತರೆ ಯಾವುದರಲ್ಲೂ ಪೂರ್ತಿ ಬರುವುದಿಲ್ಲವಲ್ಲ" ಎಂದು ನಿಮಗೆ ಅನ್ನಿಸಬಹುದು. ಅಲ್ಲೇ ಎಡವುವುದು. ಅವರು ಕಲಿಯುವ ವಿದ್ಯೆಯೇ ಬೇರೆ.

ನನ್ನ ಒಪಿಡಿಗೆ ಬರುವ ಎದೆನೋವು ಆಗಲೇ ಸೋಸಿಕೊಂಡು ಬಂದಿರುತ್ತದೆ. ಯಾರೋ ಇಸಿಜಿ ನೋಡಿ, ಅನುಮಾನ ಬಂದು ಕಳಿಸಿರುತ್ತಾರೆ. ಹಾಗಾಗಿ ನನ್ನ ಮುಂದೆ ಕೂತವರಲ್ಲಿ ಹೃದಯದ ತೊಂದರೆ ಇರುವವರು ಹೆಚ್ಚು. ಬೀದಿಯ ಕ್ಲಿನಿಕ್ಕಿಗೆ ಬರುವ ಎದೆನೋವಿನಲ್ಲಿ ಹೆಚ್ಚಿನವು ಸ್ನಾಯು ಸೆಳೆತ, ಎದೆ ಉರಿ, ಆತಂಕ, ಕೆಮ್ಮಿನ ಸುಸ್ತು. ಅದರ ನಡುವೆ ಎಲ್ಲೋ ಒಂದು ನಿಜವಾದ ಹೃದಯಾಘಾತ ಕೂತಿರುತ್ತದೆ, ಅದೂ "ಗ್ಯಾಸ್ ಆಗಿದೆ, ಒಂದು ಇಂಜೆಕ್ಷನ್ ಹಾಕಿ" ಎನ್ನುತ್ತಾ. ನೂರು ಜನರನ್ನು ಟ್ರೆಡ್‌ಮಿಲ್ ಟೆಸ್ಟಿಗೆ ಕಳಿಸದೆ, ಆ ಒಬ್ಬರನ್ನು ಮನೆಗೆ ಕಳಿಸದೆ ಇರುವುದು ಒಂದು ಕಲೆ. ಆ ಕೆಲಸ ನನಗಿಂತ ಅವರಿಗೆ ಚೆನ್ನಾಗಿ ಬರುತ್ತದೆ. ಕರ್ನಾಟಕದಲ್ಲಿ 2023ರಿಂದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ಜಯದೇವದಂಥ ದೊಡ್ಡ ಕೇಂದ್ರದವರು ನೋಡುವ ವ್ಯವಸ್ಥೆ ಬಂದಿದೆ. ಬಹಳ ಒಳ್ಳೆಯ ಕೆಲಸ. ಆದರೆ ಗ್ಯಾಸ್ ಎಂದು ಬಂದವರಿಗೆ ಇಸಿಜಿ ಮಾಡಬೇಕು ಎಂದು ಮೊದಲು ಯಾರಿಗಾದರೂ ಹೊಳೆಯಬೇಕಲ್ಲ?

ಹಾಗೆ ಹೊಳೆಯುವುದನ್ನೂ ಕಲಿಸಬಹುದು. ಆಸ್ಟ್ರೇಲಿಯಾದ ಜಾನ್ ಮುರ್ಟಾ ಎಂಬ ವೈದ್ಯರು ಹಳ್ಳಿಯಲ್ಲಿ ಪ್ರಾಕ್ಟೀಸ್ ಮಾಡಿ, ಆಮೇಲೆ ಪ್ರೊಫೆಸರ್ ಆಗಿ, 1994ರಲ್ಲಿ ಒಂದು ಪಠ್ಯಪುಸ್ತಕ ಬರೆದರು. ಇವತ್ತಿಗೂ ಫ್ಯಾಮಿಲಿ ಮೆಡಿಸಿನ್ ಓದುವವರು ಅದನ್ನು ಬಿಡುವುದಿಲ್ಲ. ಯಾವ ರೋಗಿ ಬಂದರೂ ಡಾಕ್ಟರು ತನ್ನನ್ನೇ ಐದು ಪ್ರಶ್ನೆ ಕೇಳಿಕೊಳ್ಳಬೇಕು ಎನ್ನುತ್ತಾರೆ ಅವರು. ಸಾಮಾನ್ಯವಾಗಿ ಇದು ಏನಿರಬಹುದು? ಯಾವ ಅಪಾಯದ ಕಾಯಿಲೆ ತಪ್ಪಿಹೋಗಬಾರದು? ಯಾವುದನ್ನು ಎಲ್ಲರೂ ಮರೆಯುತ್ತಾರೆ? ವೇಷ ಹಾಕಿಕೊಂಡು ಬರುವ ಕಾಯಿಲೆಗಳಲ್ಲಿ, ಅಂದರೆ ಖಿನ್ನತೆ, ಶುಗರ್, ರಕ್ತಹೀನತೆ, ಥೈರಾಯ್ಡ್, ಬೇರೆ ಔಷಧಿಯ ಅಡ್ಡಪರಿಣಾಮ ಇವುಗಳಲ್ಲಿ, ಯಾವುದಾದರೂ ಇದೆಯೇ? ಐದನೆಯದು ನನಗೆ ಬಹಳ ಇಷ್ಟ: ಈ ರೋಗಿ ನನಗೆ ಬೇರೆ ಏನನ್ನೋ ಹೇಳಲು ಪ್ರಯತ್ನಿಸುತ್ತಿದ್ದಾರೆಯೇ?

ನಲವತ್ತಾರು ವರ್ಷದ ಒಬ್ಬ ಗೃಹಿಣಿ "ಸುಸ್ತು" ಎಂದು ಬರುತ್ತಾರೆ ಎಂದುಕೊಳ್ಳಿ. ನನ್ನ ಹತ್ತಿರ ಬಂದರೆ ಎಕೋ ಮಾಡಿ, "ಹಾರ್ಟ್ ಚೆನ್ನಾಗಿದೆ" ಎಂದು ಕಳಿಸುತ್ತೇನೆ. ಅವರ ಸುಸ್ತು ಅವರ ಜೊತೆಗೇ ವಾಪಸ್ ಹೋಗುತ್ತದೆ. ತರಬೇತಿ ಪಡೆದ ಮನೆ ಡಾಕ್ಟರು ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್ ನೋಡಿಸುತ್ತಾರೆ, ಮುಟ್ಟಿನ ರಕ್ತಸ್ರಾವ ಹೆಚ್ಚಾಗಿದೆಯೇ ಎಂದು ಕೇಳುತ್ತಾರೆ. ಆಮೇಲೆ "ಮನೇಲಿ ಯಾರ‍್ಯಾರಿದ್ದೀರಿ?" ಎನ್ನುತ್ತಾರೆ. ಹಾಸಿಗೆ ಹಿಡಿದ ಅತ್ತೆ, ಹತ್ತನೇ ಕ್ಲಾಸಿನ ಮಗ, ರಾತ್ರಿ ಹನ್ನೊಂದಕ್ಕೆ ಬರುವ ಗಂಡ. ಆಕೆ ಎರಡು ವರ್ಷದಿಂದ ಒಂದು ರಾತ್ರಿಯೂ ಪೂರ್ತಿ ಮಲಗಿಲ್ಲ ಎನ್ನುವುದು ಯಾವ ಲ್ಯಾಬ್ ರಿಪೋರ್ಟಿನಲ್ಲೂ ಬರುವುದಿಲ್ಲ.

*ಒಂದು ಪ್ಲಾಸ್ಟಿಕ್ ಚೀಲ*

ಫ್ಯಾಮಿಲಿ ಮೆಡಿಸಿನ್ ರೆಸಿಡೆಂಟ್‌ಗಳು ನಮ್ಮ ವಾರ್ಡಿಗೂ ಪೋಸ್ಟಿಂಗ್ ಮೇಲೆ ಬರುತ್ತಾರೆ. ಒಮ್ಮೆ ಬೀದರ್ ಕಡೆಯ ಎಪ್ಪತ್ತು ದಾಟಿದ ಹಿರಿಯರೊಬ್ಬರು ದಾಖಲಾದರು. ಎರಡು ಸಲ ಎಚ್ಚರ ತಪ್ಪಿ ಬಿದ್ದಿದ್ದರು. ನಾಡಿ ನಿಮಿಷಕ್ಕೆ 38. ಪೇಸ್‌ಮೇಕರ್ ಬೇಕಾಗಬಹುದು ಎಂದು ಅಲ್ಲಿಂದ ಬರೆದು ಕಳಿಸಿದ್ದರು. ಮನೆಯವರು ದುಡ್ಡು ಹೊಂದಿಸಿಕೊಂಡೇ ಬಂದಿದ್ದರು.

ಆ ದಿನ ಡ್ಯೂಟಿಯಲ್ಲಿದ್ದ ರೆಸಿಡೆಂಟ್ ಹುಡುಗಿ ಮಾಡಿದ್ದು ಇಷ್ಟೇ. ಸೊಸೆಯನ್ನು ಕರೆದು, "ಅಮ್ಮಾ, ಮನೇಲಿ ಇವರು ಹಾಕಿಕೊಳ್ಳೋದು ಏನೇನಿದೆಯೋ ಎಲ್ಲ ತಗೊಂಡು ಬನ್ನಿ. ಮಾತ್ರೆ ಅಷ್ಟೇ ಅಲ್ಲ, ಮುಲಾಮು, ಡ್ರಾಪ್ಸ್, ಕಷಾಯ, ಎಲ್ಲ" ಎಂದಳು. ಚೀಲ ಬಂತು. ಮಂಚದ ಮೇಲೆ ಸುರುವಿದಳು. ಬಿಪಿಗೆ ಮೆಟೊಪ್ರೊಲಾಲ್ ಮಾತ್ರೆ ಇತ್ತು, ಅದು ನಮಗೆಲ್ಲ ಗೊತ್ತಿದ್ದದ್ದೇ. ಜೊತೆಗೆ ಒಂದು ಸಣ್ಣ ಬಾಟಲಿ, ಗ್ಲಾಕೋಮಾಕ್ಕೆ ಕಣ್ಣಿನ ಡಾಕ್ಟರು ಕೊಟ್ಟ ಟಿಮೊಲಾಲ್ ಡ್ರಾಪ್ಸ್. ಎರಡೂ ಒಂದೇ ಜಾತಿಯ ಔಷಧಿ. ಕಣ್ಣಿಗೆ ಬಿಟ್ಟ ಹನಿ ಮೂಗಿನ ಒಳಗೆ ಇಳಿದು ರಕ್ತ ಸೇರುತ್ತದೆ, ಎರಡೂ ಕೂಡಿ ನಾಡಿಯನ್ನು ತಗ್ಗಿಸಬಲ್ಲವು. ಹಿರಿಯರನ್ನು ಕೇಳಿದರೆ, "ಕಣ್ಣಿನ ಔಷಧ ಕಣ್ಣಿಗಿರ್ತದ್ರಿ, ಅದನ್ಯಾಕ ಹೇಳಬೇಕು?" ಎಂದರು. ನ್ಯಾಯವಾದ ಮಾತೇ.

ಕಣ್ಣಿನ ತಜ್ಞರ ಜೊತೆ ಮಾತಾಡಿ ಡ್ರಾಪ್ಸ್ ಬದಲಿಸಿದೆವು, ಮಾತ್ರೆಯನ್ನು ನಿಲ್ಲಿಸಿ ಬೇರೆ ಕೊಟ್ಟೆವು. ಮಾನಿಟರ್ ಮೇಲೆ ಇಟ್ಟು ನೋಡಿದೆವು. ಕೆಲವೇ ದಿನಗಳಲ್ಲಿ ನಾಡಿ ಅರವತ್ತರ ಮೇಲೆ ಬಂತು. ಪೇಸ್‌ಮೇಕರ್ ಇಲ್ಲದೆ ಮನೆಗೆ ಹೋದರು. (ಇದನ್ನು ಓದಿ ಯಾರೂ ತಾವಾಗಿ ಮೆಟೊಪ್ರೊಲಾಲ್ ಅಥವಾ ಡ್ರಾಪ್ಸ್ ನಿಲ್ಲಿಸಬೇಡಿ. ಮೆಟೊಪ್ರೊಲಾಲ್ ತಟ್ಟನೆ ನಿಲ್ಲಿಸಿದರೆ ಎದೆನೋವು, ಹೃದಯಾಘಾತವೇ ಆಗಬಹುದು. ಡ್ರಾಪ್ಸ್ ಬಿಟ್ಟರೆ ದೃಷ್ಟಿ ಹೋಗಬಹುದು.)

ಬಿಪಿ ಬರೆದ ಡಾಕ್ಟರು ಸರಿಯಾಗೇ ಬರೆದಿದ್ದರು. ಕಣ್ಣಿನ ಡಾಕ್ಟರೂ ಅಷ್ಟೇ. ಎರಡು ಚೀಟಿಯನ್ನೂ ಪಕ್ಕ ಪಕ್ಕ ಇಟ್ಟು ನೋಡುವ ಒಬ್ಬರು ಆ ಮನೆಗೆ ಇರಲಿಲ್ಲ. ಮಂಡಿ ನೋವಿನ ಮಾತ್ರೆಯೂ ಹೀಗೆಯೇ. ಬಿಪಿ ಮಾತ್ರೆ, ನೀರು ಹೋಗುವ ಮಾತ್ರೆ, ಅದರ ಮೇಲೆ ದಿನಾ ನೋವಿನ ಮಾತ್ರೆ ಸೇರಿದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಮೊದಲ ಪ್ರಶ್ನೆ ಕೇಳಿದವರಿಗೆ ಇದೇ ಉತ್ತರ.

*ಭಾಷೆಯೂ ತರಬೇತಿಯ ಭಾಗ*

ಹೈದರಾಬಾದಿನಲ್ಲಿ ಒಬ್ಬ ರೆಸಿಡೆಂಟ್ ಒಂದೇ ಬೆಳಗ್ಗೆ ತೆಲುಗು, ದಖನಿ, ಹಿಂದಿ, ಕನ್ನಡ, ಮರಾಠಿ ಕೇಳಬೇಕಾಗುತ್ತದೆ. ನಮ್ಮ ಕಡೆಯವರು "ಎದಿ ಹಿಡದಂಗ ಆಗ್ತದ್ರಿ", "ಜೀವ ಘಾಬ್ರಿ ಆಗ್ತದ", "ಚಕ್ಕರ್ ಬರ್ತದ" ಎನ್ನುತ್ತಾರೆ. ಇದರಲ್ಲಿ ಮೊದಲನೆಯದು ಹೃದಯದ ನೋವಿನ ಅತ್ಯಂತ ಸ್ಪಷ್ಟವಾದ ವರ್ಣನೆ, ಯಾವ ಇಂಗ್ಲಿಷ್ ಪುಸ್ತಕಕ್ಕೂ ಕಡಿಮೆ ಇಲ್ಲ. ಅದನ್ನು "ಚೆಸ್ಟ್ ಪೇನ್ ಇಲ್ಲ" ಎಂದು ಬರೆದುಕೊಂಡುಬಿಟ್ಟರೆ ಮುಗಿಯಿತು. "ನೋವು ಇದೆಯಾ?" ಎಂದು ಕೇಳಿದಾಗ "ಇಲ್ಲ" ಎನ್ನುವ ರೋಗಿ ಸುಳ್ಳು ಹೇಳುತ್ತಿಲ್ಲ, ಹಿಡಿತ ಬೇರೆ, ನೋವು ಬೇರೆ. ಇದೇ ಊರಿನಲ್ಲಿ 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಒಂದು ಕಾಲಕ್ಕೆ ವೈದ್ಯಕೀಯವನ್ನೂ ಉರ್ದುವಿನಲ್ಲಿ ಕಲಿಸುತ್ತಿತ್ತು. ಅದು ಸರಿಯೋ ತಪ್ಪೋ ಎಂಬ ಚರ್ಚೆ ನನಗೆ ಬೇಡ. ರೋಗಿಯ ಮಾತು ತಿಳಿಯುವುದು ವೈದ್ಯಕೀಯದ ಹೊರಗಿನ ವಿಷಯವಲ್ಲ ಎಂದಷ್ಟೇ ನನ್ನ ಅಭಿಪ್ರಾಯ.

*ಇದರಿಂದ ಆಯಸ್ಸು ಹೆಚ್ಚುತ್ತದೆಯೇ?*

ನಾರ್ವೆಯಲ್ಲಿ ಪ್ರತಿಯೊಬ್ಬರಿಗೂ ಗೊತ್ತುಪಡಿಸಿದ ಒಬ್ಬ ಜಿಪಿ ಇರುತ್ತಾರೆ. ಅಲ್ಲಿನ ಲಕ್ಷಾಂತರ ಜನರ ದಾಖಲೆ ನೋಡಿ 2022ರಲ್ಲಿ ಒಂದು ಅಧ್ಯಯನ ಬಂತು. ಒಬ್ಬರೇ ಡಾಕ್ಟರ ಬಳಿ 15 ವರ್ಷಕ್ಕೂ ಹೆಚ್ಚು ಕಾಲ ಹೋದವರಲ್ಲಿ, ಒಂದೇ ವರ್ಷದ ಪರಿಚಯ ಇದ್ದವರಿಗಿಂತ, ಆಸ್ಪತ್ರೆ ಸೇರುವುದೂ ಸಾಯುವುದೂ ಸುಮಾರು ಕಾಲು ಭಾಗ ಕಡಿಮೆ. ಒಂದೇ ಕಡೆ ನೆಲೆಸಿದವರು ಬೇರೆ ಕಾರಣಕ್ಕೂ ಆರೋಗ್ಯವಾಗಿರಬಹುದು, ಆದ್ದರಿಂದ ಪೂರ್ತಿ ಶ್ರೇಯಸ್ಸು ಡಾಕ್ಟರಿಗೇ ಎಂದು ನಾನು ಹೇಳುವುದಿಲ್ಲ. ಆದರೂ ಇದು ಸಣ್ಣ ವ್ಯತ್ಯಾಸವಲ್ಲ.

ನನಗೆ ಇದಕ್ಕಿಂತ ಇಷ್ಟವಾದದ್ದು ವೇಲ್ಸ್ ದೇಶದ ಗ್ಲಿನ್‌ಕೋರಗ್ ಎಂಬ ಗಣಿ ಹಳ್ಳಿಯ ಕಥೆ. ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬ ವೈದ್ಯರು ಅಲ್ಲಿ ಕೆಮ್ಮು ಎಂದು ಬಂದವರಿಗೂ, ಕಾಲು ಉಳುಕಿ ಬಂದವರಿಗೂ ಬಿಪಿ ನೋಡುತ್ತಿದ್ದರು. ಬಾರದವರನ್ನು ಹುಡುಕಿಕೊಂಡು ಹೋಗುತ್ತಿದ್ದರು. 25 ವರ್ಷದ ಮೇಲೆ ಲೆಕ್ಕ ಹಾಕಿದಾಗ, ಆ ಹಳ್ಳಿಯಲ್ಲಿ 65 ವರ್ಷದೊಳಗಿನ ಸಾವು ಪಕ್ಕದ ಹಳ್ಳಿಗಿಂತ ಕಡಿಮೆ ಇತ್ತು. ಬಿಪಿ ಯಂತ್ರ, ರಿಜಿಸ್ಟರ್, ತಾಳ್ಮೆ. ನನ್ನ ಕ್ಯಾಥ್ ಲ್ಯಾಬಿನ ಒಂದು ಸ್ಟೆಂಟಿನ ಬೆಲೆಯಲ್ಲಿ ಎಷ್ಟು ಬಿಪಿ ಯಂತ್ರ ಬರುತ್ತವೆ ಎಂದು ಒಮ್ಮೊಮ್ಮೆ ಲೆಕ್ಕ ಹಾಕುತ್ತೇನೆ.

*"ಬರೀ ಫ್ಯಾಮಿಲಿ ಮೆಡಿಸಿನ್ನಾ?"*

ಪರಿಚಯದ ರಾಯಚೂರಿನವರೊಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. ಕೌನ್ಸೆಲಿಂಗಿನಲ್ಲಿ ರೇಡಿಯಾಲಜಿ ಸಿಗಲಿಲ್ಲ, ಡಿಎನ್‌ಬಿ ಫ್ಯಾಮಿಲಿ ಮೆಡಿಸಿನ್ ಸಿಗುತ್ತಿತ್ತು. "ಅದು ಎಂಬಿಬಿಎಸ್ ಇದ್ದಂಗೇ ಅಲ್ರೀ ಡಾಕ್ಟ್ರೇ? ಅದಕ್ಕ ಮೂರು ವರ್ಷ ಯಾಕ ಕಳೀಬೇಕು? ಇನ್ನೊಂದು ವರ್ಷ ಮನ್ಯಾಗ ಕುಂತು ಓದು ಅಂತೀವಿ." ಹುಡುಗಿ ನೆಲ ನೋಡುತ್ತಾ ಕೂತಿದ್ದಳು.

ನಾನು ಸಕ್ಕರೆ ಲೇಪಿಸಲಿಲ್ಲ. ರೇಡಿಯಾಲಜಿಯಷ್ಟು ದುಡ್ಡು ಇದರಲ್ಲಿ ಇಲ್ಲ. ಸೀಟುಗಳೂ ಕಡಿಮೆ. ಎಂಬಿಬಿಎಸ್ ಓದುವ ಐದೂವರೆ ವರ್ಷದಲ್ಲಿ ನಮ್ಮ ಹೆಚ್ಚಿನ ಮಕ್ಕಳು ಫ್ಯಾಮಿಲಿ ಮೆಡಿಸಿನ್ ಪ್ರೊಫೆಸರನ್ನು ಕಣ್ಣಲ್ಲೂ ಕಂಡಿರುವುದಿಲ್ಲ, ಏಕೆಂದರೆ ಹೆಚ್ಚಿನ ಕಾಲೇಜುಗಳಲ್ಲಿ ಆ ವಿಭಾಗವೇ ಇಲ್ಲ. ಕಂಡಿರದ ಕೆಲಸವನ್ನು ಯಾರು ಆಸೆಪಡುತ್ತಾರೆ? ಎಲ್ಲ ಮೆಡಿಕಲ್ ಕಾಲೇಜುಗಳಲ್ಲೂ ಇದರ ಪಿಜಿ ಶುರುವಾಗಬೇಕು ಎಂದು 2016ರಲ್ಲೇ ಸಂಸತ್ತಿನ ಸ್ಥಾಯಿ ಸಮಿತಿ ಹೇಳಿತ್ತು. 2017ರ ರಾಷ್ಟ್ರೀಯ ಆರೋಗ್ಯ ನೀತಿಯೂ ಇದನ್ನು ಬೆಳೆಸಬೇಕು ಎಂದಿತು. ನಡೆದದ್ದು ನಿಧಾನ. ಹೈದರಾಬಾದಿನಲ್ಲಿ 2018ರಿಂದ ಬಸ್ತಿ ದವಾಖಾನೆಗಳು ಬಂದಿವೆ. ಉಚಿತ ಔಷಧಿ, ಉಚಿತ ರಕ್ತಪರೀಕ್ಷೆ, ಮನೆಯ ಹತ್ತಿರವೇ ಒಬ್ಬ ಎಂಬಿಬಿಎಸ್ ಡಾಕ್ಟರು. ನಿಮ್ಮ ಮನೆಗೆಲಸದವರಿಗೆ, ವಾಚ್‌ಮನ್‌ಗೆ ದಯವಿಟ್ಟು ತಿಳಿಸಿ. ಆದರೆ ಅಲ್ಲಿ ಕೂರುವ ಹುಡುಗ ಪಿಜಿ ಸೀಟು ಸಿಕ್ಕ ಕೂಡಲೇ ಹೋಗುತ್ತಾನೆ. ಅದೇ ಕುರ್ಚಿಯ ಕೆಲಸಕ್ಕೆ ತರಬೇತಿ ಕೊಟ್ಟು, ಬಡ್ತಿ ಕೊಟ್ಟು, ಅಲ್ಲೇ ಉಳಿಯುವಂತೆ ಮಾಡುವವರೆಗೆ ರೋಗಿಗೆ ಪ್ರತಿ ವರ್ಷ ಹೊಸ ಮುಖವೇ.

ಇಷ್ಟೆಲ್ಲ ಹೇಳಿ, ಆ ಪ್ಲಾಸ್ಟಿಕ್ ಚೀಲದ ವಿಷಯವನ್ನೂ ಹೇಳಿದೆ. ಹುಡುಗಿ ಆಗ ತಲೆ ಎತ್ತಿ ಕೇಳಿದ್ದು ಒಂದೇ ಪ್ರಶ್ನೆ: "ಟಿಮೊಲಾಲ್ ಬದಲು ಯಾವ ಡ್ರಾಪ್ಸ್ ಕೊಟ್ರಿ ಸರ್?" ಅವಳು ಈಗ ಎರಡನೇ ವರ್ಷದಲ್ಲಿದ್ದಾಳೆ. ಸದ್ಯ ಮಕ್ಕಳ ವಿಭಾಗದಲ್ಲಿ ಪೋಸ್ಟಿಂಗ್, ರಾತ್ರಿ ನಿದ್ದೆ ಇಲ್ಲ ಎಂದು ಅಪ್ಪನ ದೂರು.

*ನೀವು ಏನು ಮಾಡಬಹುದು*

ಮನೆಯಿಂದ ಎರಡು ಮೂರು ಕಿಲೋಮೀಟರ್ ಒಳಗೆ ಒಬ್ಬ ಡಾಕ್ಟರನ್ನು ಗೊತ್ತುಮಾಡಿಕೊಳ್ಳಿ, ಅದೂ ಆರೋಗ್ಯವಾಗಿರುವಾಗಲೇ. ಬೋರ್ಡಿನಲ್ಲಿ ಡಿಎನ್‌ಬಿ ಅಥವಾ ಎಂಡಿ ಫ್ಯಾಮಿಲಿ ಮೆಡಿಸಿನ್ ಎಂದಿದ್ದರೆ ಒಳ್ಳೆಯದು. ಇಲ್ಲದಿದ್ದರೂ ಇಪ್ಪತ್ತು ವರ್ಷದಿಂದ ಅದೇ ಬೀದಿಯಲ್ಲಿರುವ, ಪ್ರಶ್ನೆ ಕೇಳುವ, ಎಂಬಿಬಿಎಸ್ ಡಾಕ್ಟರು ಧಾರಾಳವಾಗಿ ಸಾಕು. ಆರ್‌ಎಂಪಿ ಎಂದಷ್ಟೇ ಬರೆದುಕೊಂಡವರ ಬಳಿ ಬೇಡ, ಸಲೈನ್ ಹಚ್ಚಿದರೆ ಆರಾಮ ಆಗುತ್ತದೆ ಎನ್ನುವವರ ಬಳಿಯೂ ಬೇಡ.

ಮೊದಲ ಭೇಟಿಗೆ ಹೋಗುವಾಗ ಚೀಲ ತಗೊಂಡು ಹೋಗಿ, ಕಣ್ಣಿನ ಡ್ರಾಪ್ಸ್ ಸಮೇತ. ಒಂದು ಹಾಳೆಯಲ್ಲಿ ಮೂರು ತಲೆಮಾರಿನ ವಂಶವೃಕ್ಷ ಬರೆಯಿರಿ: ಯಾರಿಗೆ ಶುಗರ್, ಯಾರಿಗೆ ಬಿಪಿ, ಯಾರಿಗೆ ಯಾವ ವಯಸ್ಸಿನಲ್ಲಿ ಹೃದಯಾಘಾತ. ಅಪ್ಪ ಅಥವಾ ಅಣ್ಣತಮ್ಮಂದಿರಿಗೆ 55ರೊಳಗೆ, ಅಮ್ಮ ಅಥವಾ ಅಕ್ಕತಂಗಿಯರಿಗೆ 65ರೊಳಗೆ ಆಗಿದ್ದರೆ ಅದರ ಕೆಳಗೆ ಗೆರೆ ಎಳೆಯಿರಿ. ಊರಿನ ಡಾಕ್ಟರ ತಲೆಯಲ್ಲಿದ್ದದ್ದನ್ನು ಇಲ್ಲಿ ನೀವೇ ಕಾಗದಕ್ಕೆ ಇಳಿಸಬೇಕು. ಊರಿನಲ್ಲಿ ಹಿರಿಯರು ಇನ್ನೂ ಇದ್ದರೆ ಇವತ್ತೇ ಫೋನ್ ಮಾಡಿ ಕೇಳಿ, ಅವರಿಗೂ ಮಾತಾಡಲು ಒಂದು ನೆಪ. ಪ್ರತಿ ಸ್ಪೆಷಲಿಸ್ಟ್ ಭೇಟಿಯ ನಂತರ ಚೀಟಿಯನ್ನು ಈ ಒಬ್ಬರಿಗೆ ತೋರಿಸಿ. ಅವರು "ನಾಲ್ಕು ದಿನ ಕಾದು ನೋಡೋಣ" ಎಂದರೆ, ಯಾವ ಲಕ್ಷಣ ಕಂಡರೆ ಕಾಯಬಾರದು ಎಂದು ಕೇಳಿಕೊಂಡು ಬನ್ನಿ. ತರಬೇತಿ ಪಡೆದವರು ನೀವು ಕೇಳುವ ಮೊದಲೇ ಹೇಳುತ್ತಾರೆ.

ಕೊನೆಗೆ ಒಂದು ವಿನಂತಿ. ಹೋದ ತಿಂಗಳು ಇಬ್ಬರು ಎದೆ ಹಿಡಿದುಕೊಂಡೇ ಈ ಗುಂಪಿಗೆ ಇಸಿಜಿ ಫೋಟೋ ಹಾಕಿ ಉತ್ತರಕ್ಕೆ ಕಾದಿದ್ದರು. ನಾನು ಆಗ ಕ್ಯಾಥ್ ಲ್ಯಾಬಿನಲ್ಲಿದ್ದೆ, ಫೋನು ಹೊರಗಿತ್ತು. ಎದೆ ಹಿಡಿತ, ಬೆವರು, ಎಡಗೈ ಅಥವಾ ದವಡೆಗೆ ಹರಡುವ ನೋವು ಇದ್ದರೆ 108ಕ್ಕೆ ಕರೆ ಮಾಡಿ. ಆ ಸೇವೆ 2005ರಲ್ಲಿ ಶುರುವಾದದ್ದೇ ನಮ್ಮ ಹೈದರಾಬಾದಿನಲ್ಲಿ.

ಮುಂದಿನ ಕಂತು: ಕೊಲೆಸ್ಟ್ರಾಲ್ ರಿಪೋರ್ಟಿನಲ್ಲಿ ಯಾವ ಸಾಲನ್ನು ಮೊದಲು ನೋಡಬೇಕು.